ನಕ್ಷತ್ರ ಆಮೆ ಸಾಕಬಹುದೇ?

ಸೌದೆಗೆ ಹೋದಾಗ, ಮೇಕೆ ಮೇಯಿಸುವಾಗ ನಕ್ಷತ್ರ ಆಮೆಯನ್ನು ನೀವು ನೋಡಿರಬಹುದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕುರುಚಲು ಕಾಡಿನಲ್ಲಿ ಇದು ಇದೆ. ಕಪ್ಪು ಚಿಪ್ಪು. ಅದರ ಮೇಲೆ ಹಳದಿ ಗೆರೆಗಳು. ಗೆರೆಗಳು ನಕ್ಷತ್ರದ ಹಾಗೆ ಕಾಣುತ್ತವೆ. ಅದಕ್ಕೇ ಈ ಹೆಸರು.

ಆಮೆ ನೋಡಲು ಚೆಂದ. ಬಲು ಸಾಧು. ಮಕ್ಕಳು ಆಸೆಪಟ್ಟು ಮನೆಗೆ ತರ್ತಾರೆ. "ಆಮೆ ಇದ್ದರೆ ಮನೇಲಿ ದುಡ್ಡು ನಿಲ್ಲುತ್ತೆ" ಅಂತ ಕೆಲವರು ನಂಬುತ್ತಾರೆ. ಹಾಗಾದರೆ ಇದನ್ನು ಸಾಕಬಹುದೇ?

ಸಾಕಬಾರದು. ಯಾಕೆ ಅಂತ ತಿಳಿಯೋಣ ಬನ್ನಿ.

ಇದು ನೆಲದ ಆಮೆ. ಕೆರೆ ಆಮೆಯ ಹಾಗೆ ಇದಕ್ಕೆ ಈಜು ಬಾರದು. ನೀರಿನ ತೊಟ್ಟಿಗೆ ಬಿಟ್ಟರೆ ಮುಳುಗಿ ಸಾಯುತ್ತೆ. ಹುಲ್ಲು, ಸೊಪ್ಪು, ಹೂವು, ಉದುರಿದ ಹಣ್ಣು ಇದರ ಊಟ. ನಾವು ಪ್ರೀತಿಯಿಂದ ಅನ್ನ, ಹಾಲು, ಬಿಸ್ಕತ್ತು ಹಾಕ್ತೀವಿ. ಅವು ಇದಕ್ಕೆ ಒಗ್ಗುವುದಿಲ್ಲ.

ಆಮೆಗೆ ಬಿಸಿಲೂ ಬೇಕು. ಚಿಪ್ಪು ಬರೀ ಹೊದಿಕೆ ಅಲ್ಲ, ಅದು ಮೂಳೆ. ಬೆನ್ನುಮೂಳೆ, ಪಕ್ಕೆಲುಬು ಅದಕ್ಕೆ ಕೂಡಿಕೊಂಡಿವೆ. ಮೈಗೆ ಬಿಸಿಲು ಬಿದ್ದರೆ ತಿಂದ ಸೊಪ್ಪಿನ ಸುಣ್ಣದ ಅಂಶ ಮೂಳೆ ಸೇರುತ್ತದೆ. ಮನೆಯೊಳಗೆ ಡಬ್ಬದಲ್ಲಿ ಇಟ್ಟರೆ ಚಿಪ್ಪು ಮೆತ್ತಗಾಗುತ್ತದೆ, ಸೊಟ್ಟಗಾಗುತ್ತದೆ. ಆಮೆ ಕೂಗಿ ಹೇಳುವುದಿಲ್ಲ. ಅದರ ನೋವು ನಮಗೆ ಗೊತ್ತಾಗೋದೇ ಇಲ್ಲ.

ಕಾನೂನು ಏನು ಹೇಳುತ್ತದೆ? 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು. ಆಗ ನಕ್ಷತ್ರ ಆಮೆಯನ್ನು ಹುಲಿ, ಆನೆ ಇರುವ ಮೊದಲ ಪಟ್ಟಿಗೆ ಸೇರಿಸಿದರು. ಇದನ್ನು ಹಿಡಿಯುವುದು, ಸಾಕುವುದು, ಮಾರುವುದು ಎಲ್ಲವೂ ಅಪರಾಧ. 3ರಿಂದ 7 ವರ್ಷ ಜೈಲು. ಕಡಿಮೆ ಎಂದರೂ 25,000 ರೂಪಾಯಿ ದಂಡ.

ಅಕ್ಕಂದಿರೇ, ಒಂದು ಮಾತು ನೆನಪಿಡಿ. "ಆಮೆ ಹಿಡಿದುಕೊಡಿ, ಕೈತುಂಬ ದುಡ್ಡು ಕೊಡ್ತೀವಿ" ಅಂತ ದಲ್ಲಾಳಿಗಳು ಬರಬಹುದು. ಅವರು ಆಮೆಗಳನ್ನು ಕದ್ದು ಹೊರದೇಶಕ್ಕೆ ಸಾಗಿಸುತ್ತಾರೆ. ಲಾಭ ಅವರದು. ಸಿಕ್ಕಿಬಿದ್ದರೆ ಹಿಡಿದುಕೊಟ್ಟವರಿಗೂ ಜೈಲು. ಹೀಗೆ ಸಿಂಗಪುರ ಸೇರಿದ್ದ 51 ಆಮೆಗಳು 2018ರಲ್ಲಿ ಬೆಂಗಳೂರಿಗೆ ವಾಪಸು ಬಂದವು. ವಾಪಸು ಬಾರದೆ ಹೋದವು ಎಷ್ಟೋ!

ಹೆಣ್ಣಾಮೆ ಹಿಂಗಾಲಿನಿಂದ ಗುಂಡಿ ತೋಡಿ ಕೆಲವೇ ಮೊಟ್ಟೆ ಇಡುತ್ತದೆ. ಮರಿ ಹೊರಬರಲು ತಿಂಗಳುಗಳೇ ಬೇಕು. ಒಂದು ಹೆಣ್ಣಾಮೆ ಹೋದರೆ ಅದರ ಮುಂದಿನ ಮರಿಗಳೂ ಹೋದ ಹಾಗೆ.

ಹಾಗಾದರೆ ನಾವು ಏನು ಮಾಡಬೇಕು?

1. ಹೊಲದಲ್ಲಿ, ಕಾಡಿನಲ್ಲಿ ಆಮೆ ಕಂಡರೆ ಅದರ ಪಾಡಿಗೆ ಬಿಡಿ.

2. ರಸ್ತೆ ದಾಟುತ್ತಿದ್ದರೆ ಎರಡೂ ಕೈಯಲ್ಲಿ ಹಿಡಿದು, ಅದು ಹೊರಟ ಕಡೆಗೇ ದಾಟಿಸಿ.

3. ಗಾಯವಾಗಿದ್ದರೆ, ಮನೆಯಲ್ಲಿ ಈಗಾಗಲೇ ಇದ್ದರೆ ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಎಲ್ಲೆಂದರಲ್ಲಿ ಬಿಡಬೇಡಿ. ರೋಗವಿದ್ದರೆ ಕಾಡಿನ ಆಮೆಗಳಿಗೂ ಹರಡುತ್ತದೆ.

4. ಅವರು ಬರುವ ತನಕ ಗಾಳಿಯಾಡುವ ಒಣ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ, ನೆರಳಲ್ಲಿ ಇಡಿ. ನಾಯಿ, ಕೋಳಿ ಹತ್ತಿರ ಬರದಂತೆ ನೋಡಿಕೊಳ್ಳಿ.

5. ಆಮೆ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ. ಅದರ ಮೈಮೇಲೆ ಭೇದಿ ತರುವ ರೋಗಾಣು ಇರಬಹುದು.

ಈ ಪಾಠವನ್ನು ಮನೆಯಲ್ಲಿ ಮಕ್ಕಳಿಗೂ ಓದಿ ಹೇಳಿ. ಆಮೆ ಹಿಡಿದು ತರುವವರು ಹೆಚ್ಚಾಗಿ ಅವರೇ ಅಲ್ಲವೇ?