ಕಳ್ಳನ ಕೈಗೇ ಬೀಗದ ಕೈ

ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಮ್ಮಿನಲ್ಲಿ ಚಿತ್ರಕಾರ ರೌಸ್‌ಡಾಲ್ ಬರೆದ ಗಾಳಿಗಿರಣಿಯ ಚಿತ್ರವನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಅದು ಉಟ್ರೆಕ್ಟ್ ಪ್ರಾಂತ್ಯದ ವೈಕ್ ಬೈ ಡ್ಯೂರ್‌ಸ್ಟೇಡೆ. ಇಂದು ಸಣ್ಣ ಊರು. ಆದರೆ ಒಂಬತ್ತನೆಯ ಶತಮಾನದಲ್ಲಿ ಇಲ್ಲಿ ಡೋರೆಸ್ಟಾಡ್ ಎಂಬ ದೊಡ್ಡ ರೇವುಪಟ್ಟಣವಿತ್ತು. ರೈನ್ ನದಿಯಿಂದ ಲೆಕ್ ಕವಲೊಡೆಯುವ ಜಾಗ. ಬಂದುಹೋಗುವ ಸರಕಿಗೆ ಫ್ರಾಂಕ್ ಚಕ್ರವರ್ತಿಯ ಸುಂಕ, ಪಕ್ಕದಲ್ಲೇ ಟಂಕಸಾಲೆ. ದುಡ್ಡಿದ್ದಲ್ಲಿ ಕಳ್ಳರು ಬಾರದಿರುತ್ತಾರೆಯೆ? 834ರಿಂದ 837ರವರೆಗೆ ವರ್ಷ ತಪ್ಪದೆ ವೈಕಿಂಗರು ಬಂದು ಊರನ್ನು ದೋಚಿದರು.

ಅಂಥ ಊರನ್ನು 850ರಲ್ಲಿ ಚಕ್ರವರ್ತಿ ಲೋಥಾರ್ ಒಬ್ಬ ವೈಕಿಂಗನಿಗೇ ಒಪ್ಪಿಸಿದ! ಅವನ ಹೆಸರು ರೋರಿಕ್, ಡೆನ್ಮಾರ್ಕಿನ ರಾಜವಂಶದವನು. ಹಿಂದೆಯೂ ಡೋರೆಸ್ಟಾಡ್ ಅವನಿಗೆ ಉಂಬಳಿಯಾಗಿತ್ತು. ದ್ರೋಹದ ಆಪಾದನೆ ಹೊರಿಸಿ ಸೆರೆಗೆ ಹಾಕಿದರು. ತಪ್ಪಿಸಿಕೊಂಡು ಚಕ್ರವರ್ತಿಯ ತಮ್ಮ ಲೂಯಿಯ ಸೀಮೆ ಸೇರಿದ. ಅಲ್ಲಿ ಹಡಗು ಕೂಡಿಸಿಕೊಂಡು ಬಂದು ಊರನ್ನೇ ಹಿಡಿದು ಕುಳಿತ. ಲೋಥಾರನಿಗೆ ಕುದುರೆ ದಂಡಿತ್ತು, ನೀರಿನ ಮೇಲೆ ಕಾದಾಡುವ ಬಲವಿರಲಿಲ್ಲ. 843ರಲ್ಲಿ ಸಾಮ್ರಾಜ್ಯ ಮೂವರು ಅಣ್ಣತಮ್ಮಂದಿರಲ್ಲಿ ಹಂಚಿಹೋಗಿ, ಒಬ್ಬರ ಮೇಲೊಬ್ಬರಿಗೆ ನಂಬಿಕೆಯೂ ಇರಲಿಲ್ಲ. ಹೀಗಾಗಿ ಒಪ್ಪಂದವಾಯಿತು: ತೆರಿಗೆಯನ್ನು ಅರಮನೆಗೆ ಸಲ್ಲಿಸಬೇಕು, ಬೇರೆ ಡೇನರನ್ನು ತಡೆಯಬೇಕು.

ನಮ್ಮ ಎರಡನೆಯ ದೇವರಾಯ ಬಹಮನಿಗಳ ಕುದುರೆ, ಬಿಲ್ಲುಗಾರಿಕೆಯ ಬಲ ಕಂಡು ಮುಸ್ಲಿಂ ಯೋಧರನ್ನು ಸೇನೆಗೆ ಸೇರಿಸಿ ಜಹಗೀರು ಕೊಟ್ಟದ್ದು ನೆನಪಾಗುತ್ತದೆ. ಆದರೆ ಆತ ತಾನಾಗಿ ಕರೆದು ಕೊಟ್ಟ. ಲೋಥಾರ್ ಬೇರೆ ದಾರಿ ಕಾಣದೆ ಕೊಟ್ಟ.

ಕಾವಲು ನಡೆಯಿತೆ? ನಡೆದಷ್ಟು ನಡೆಯಿತು. 857ರಲ್ಲಿ ರೋರಿಕ್ ಡೆನ್ಮಾರ್ಕಿನಲ್ಲಿ ತನ್ನ ಪಾಲಿನ ನೆಲ ಗಿಟ್ಟಿಸಲು ಹೋದ. ಅದೇ ವರ್ಷ ಡೋರೆಸ್ಟಾಡ್ ಮತ್ತೆ ಲೂಟಿಯಾಯಿತು. 863ರಲ್ಲಿ ಡೇನರು ರೈನ್ ನದಿಯಲ್ಲಿ ಒಳನಾಡಿಗೆ ನುಗ್ಗಿದಾಗ ಬೇಲಿಯೇ ಹೊಲ ಮೇಯುತ್ತಿದೆಯೆಂಬ ಸಂಶಯ ಎದ್ದಿತು. ರೋರಿಕ್ ಆಗಷ್ಟೇ ಕ್ರೈಸ್ತನಾಗಿದ್ದ. ಅವನು ಡೇನರಿಗೆ ನೆರವಾಗಿದ್ದರೆ ತಕ್ಕ ಪ್ರಾಯಶ್ಚಿತ್ತ ವಿಧಿಸಬೇಕೆಂದು ರೀಮ್ಸ್‌ನ ಆರ್ಚ್‌ಬಿಷಪ್ ಹಿಂಕ್ಮಾರ್ ಉಟ್ರೆಕ್ಟಿನ ಬಿಷಪ್ಪನಿಗೆ ಪತ್ರ ಬರೆದ. ಒಬ್ಬ ಮಠದ ಬರಹಗಾರನಂತೂ ಇವನನ್ನು ಪಿತ್ತಕ್ಕೆ ಹೋಲಿಸಿದ್ದಾನೆ.

ಆದರೂ ನನಗೆ ಅವನು ಬರೀ ಮೋಸಗಾರನಾಗಿ ಕಾಣುವುದಿಲ್ಲ. ಬರೆದಿಟ್ಟವರೆಲ್ಲ ಲೂಟಿಯಲ್ಲಿ ನೊಂದ ಪಾದ್ರಿಗಳು. ಅವನದೆನ್ನುವ ಒಂದು ಮಾತೂ ಉಳಿದಿಲ್ಲ. 867ರಲ್ಲಿ ಸ್ಥಳೀಯರು ಅವನನ್ನು ಓಡಿಸಿದರು. ಮತ್ತೆ ಬಂದ. 870ರಲ್ಲಿ ನೈಮೇಖೆನ್‌ನಲ್ಲಿ ಕಿರಿಯ ತಮ್ಮ ಚಾರ್ಲ್ಸನ ಜೊತೆ, 873ರಲ್ಲಿ ಆಖೆನ್‌ನಲ್ಲಿ ಲೂಯಿಯ ಜೊತೆ ಒಪ್ಪಂದ ಮಾಡಿಕೊಂಡ. ನೆಲದ ಒಡೆಯ ಬದಲಾದಂತೆ ಇವನ ನಿಷ್ಠೆಯೂ ಬದಲಾಯಿತು. 882ರ ಹೊತ್ತಿಗೆ ಅವನಿರಲಿಲ್ಲ; ಅವನ ಸೀಮೆ ಗಾಡ್‌ಫ್ರಿಡ್ ಎಂಬ ಇನ್ನೊಬ್ಬ ಡೇನನಿಗೆ ಹೋಯಿತು. ಅವನನ್ನು 885ರಲ್ಲಿ ಫ್ರಾಂಕರು ಮಾತುಕತೆಗೆಂದು ಕರೆದು ಕೊಂದರು. ದ್ರೋಹವೆಂಬುದು ಒಂದೇ ಕಡೆಯದಾಗಿರಲಿಲ್ಲ.

ಲೈಡನ್ ಕಡೆ ಹೋದರೆ ಅಲ್ಲಿನ ಪ್ರಾಚ್ಯವಸ್ತು ಸಂಗ್ರಹಾಲಯಕ್ಕೆ ಹೋಗಿಬನ್ನಿ. 1996ರಲ್ಲಿ ವೀರಿಂಗೆನ್‌ನಲ್ಲಿ ಸಿಕ್ಕ ವೈಕಿಂಗ್ ನಿಧಿ ಆ ಸಂಗ್ರಹಕ್ಕೆ ಸೇರಿದೆ: ಕಡಗ, ಗಟ್ಟಿ, ನಾಣ್ಯ, ಎಲ್ಲ ಸೇರಿ ಒಂದೂವರೆ ಕಿಲೋಗೂ ಹೆಚ್ಚು ಬೆಳ್ಳಿ. ಹೂತಿಟ್ಟದ್ದು ಸುಮಾರು 850ರಲ್ಲಿ, ರೋರಿಕ್ ಡೋರೆಸ್ಟಾಡಿಗೆ ಮರಳಿದ ಕಾಲದಲ್ಲಿ. ಇಟ್ಟವನು ತೆಗೆಯಲು ಬರಲಿಲ್ಲ.