ಅಪ್ಪನ ಲ್ಯಾಬ್‌ನಲ್ಲಿ ಕೆಲಸ ಮಾಡಿದ್ರೆ ಅಮೆರಿಕದಲ್ಲಿ ಮೆಡಿಕಲ್ ಸೀಟು ಸಿಗುತ್ತಾ?

ನಮ್ಮಲ್ಲಿ ಎಂಬಿಬಿಎಸ್ ಸೀಟು ಬೇಕಂದ್ರೆ 720 ಅಂಕದ ನೀಟ್ ಬರೀಬೇಕು. ಅಪ್ಪ ಎಂಥ ದೊಡ್ಡ ವಿಜ್ಞಾನಿ ಆಗಿದ್ರೂ ಒಂದು ಅಂಕ ಜಾಸ್ತಿ ಬರಲ್ಲ. ಅಮೆರಿಕದ ಲೆಕ್ಕ ಬೇರೆ.

ಅಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಡಿಗ್ರಿ ಓದಿ, ಎಂಕ್ಯಾಟ್ ಪರೀಕ್ಷೆ ಬರೆದು ಅರ್ಜಿ ಹಾಕಬೇಕು. ಹೆಚ್ಚಿನ ಎಂ.ಡಿ. ಕಾಲೇಜುಗಳಿಗೆ ಹೋಗುವ 'ಆಮ್‌ಕ್ಯಾಸ್' ಅರ್ಜಿಯಲ್ಲಿ ಆಸ್ಪತ್ರೆ ಸೇವೆ, ಸಂಶೋಧನೆ ಸೇರಿ 15 ಅನುಭವಗಳವರೆಗೆ ಬರೆಯಬಹುದು. ಹೀಗಾಗಿ ಲ್ಯಾಬ್ ಕೆಲಸಕ್ಕೆ ಅಲ್ಲಿ ಬೆಲೆ ಇದೆ.

ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ಮಾಡುವ ಕನ್ನಡಿಗರೂ ಇದ್ದಾರೆ. ಅವರ ಮಕ್ಕಳು ಮನೆಯವರ ಲ್ಯಾಬ್‌ಗೇ ಸೇರಬಹುದಾ? ಅರ್ಜಿಯಲ್ಲಿ ಇದಕ್ಕೆ ನಿಷೇಧ ಇಲ್ಲ. ಆದರೆ ಸ್ವಂತ ಮಕ್ಕಳಿಗೆ ಸಂಬಳ ಕೊಟ್ಟು ತಾವೇ ಮೇಲ್ವಿಚಾರಣೆ ಮಾಡುವಂತಿಲ್ಲ ಎಂಬ ನಿಯಮ ಹಲವು ವಿಶ್ವವಿದ್ಯಾಲಯಗಳಲ್ಲಿದೆ.

ನಿಜವಾದ ತೊಂದರೆ ಶಿಫಾರಸು ಪತ್ರದ್ದು. ಹೆತ್ತವರು ಬರೆದ ಪತ್ರವನ್ನು ಯಾರು ನಂಬ್ತಾರೆ? ಎರಡು ವರ್ಷ ಕಷ್ಟಪಟ್ಟು ಮಾಡಿದ ಕೆಲಸವೂ 'ಅಪ್ಪನೇ ಮಾಡಿಕೊಟ್ಟಿದ್ದು' ಅನ್ನೋ ಅನುಮಾನಕ್ಕೆ ಸಿಗುತ್ತೆ. ಸಂಶೋಧನಾ ಪ್ರಬಂಧದಲ್ಲಿ ಇಬ್ಬರ ಹೆಸರೂ ಇದ್ರೆ ಇನ್ನೂ ಹೆಚ್ಚು.

ಹಾಗಾದ್ರೆ ಏನು ಮಾಡಬೇಕು? ಸಾಧ್ಯವಾದ್ರೆ ಅದೇ ವಿಭಾಗದ ಬೇರೆ ಪ್ರೊಫೆಸರ್ ಹತ್ತಿರ ಸೇರೋದೇ ಒಳ್ಳೇದು. ಅಪ್ಪನ ಲ್ಯಾಬೇ ಗತಿ ಅಂದ್ರೆ ಬೇರೊಬ್ಬ ಸಂಶೋಧಕರ ಕೈಕೆಳಗೆ ಕೆಲಸ ಮಾಡಿ, ದಿನದ ಪ್ರಯೋಗ ದಾಖಲಿಸಬೇಕು. ಸಂದರ್ಶನದಲ್ಲಿ ಕೇಳಿದ್ರೆ ಸಂಬಂಧ ಮುಚ್ಚಿಡಬಾರದು. ಯಾವ ಪ್ರಶ್ನೆಗೆ ಉತ್ತರ ಹುಡುಕಿದ್ರಿ, ಎಲ್ಲಿ ತಪ್ಪಿದ್ರಿ ಅಂತ ವಿವರಿಸೋಕೆ ಬರಬೇಕು.

ಪ್ರೊಫೆಸರ್ ಮಕ್ಕಳಿಗೆ ಲ್ಯಾಬ್ ಬಾಗಿಲು ಬೇಗ ತೆರೆಯುತ್ತೆ, ಉಳಿದವರು ಇಮೇಲ್ ಕಳಿಸಿ ಕಾಯ್ತಾರೆ. ಆಯ್ಕೆ ಮಾಡುವವರಿಗೂ ಇದು ಗೊತ್ತು. ಒಳಗೆ ಹೋದ ಮೇಲೆ ಏನು ಕಲಿತ್ರಿ ಅನ್ನೋದನ್ನೇ ಅವರು ಕೇಳೋದು.