ವಾದ್ಯಮೇಳದ ಛಾಯಾಗ್ರಹಣ

ನಿಂತ ಮರದ ಚಿತ್ರ ತೆಗೆಯುವುದು ಸುಲಭ. ಕುಣಿಯುವ ಮನುಷ್ಯನ ಚಿತ್ರ ತೆಗೆಯುವುದು ಕಷ್ಟ. ಆ ಕುಣಿತವು ಇರುಳಿನ ಮಂದ ಬೆಳಕಿನಲ್ಲಿ, ಧೂಳೆದ್ದ ಬಯಲಿನಲ್ಲಿ, ಜನಸಂದಣಿಯ ನಡುವೆ ನಡೆಯುತ್ತಿದ್ದರಂತೂ ಕ್ಯಾಮರ ಹಿಡಿದವನಿಗೆ ಅದೊಂದು ಪರೀಕ್ಷೆಯೇ ಸರಿ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಇಂಥ ಪರೀಕ್ಷೆಗೆ ಅವಕಾಶಗಳು ಹೇರಳವಾಗಿವೆ. ಫಾಲ್ಗುಣದಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ರಥೋತ್ಸವ, ಭಾದ್ರಪದದಲ್ಲಿ ಗೌರಸಮುದ್ರದ ಮಾರಮ್ಮನ ಜಾತ್ರೆ, ಇವಲ್ಲದೆ ಹಟ್ಟಿ ಹಟ್ಟಿಗಳಲ್ಲಿ ನಡೆಯುವ ದೇವರ ಉತ್ಸವಗಳು. ಇಲ್ಲೆಲ್ಲ ಉರುಮೆ ತಮಟೆಗಳ ಮೇಳಗಳು ಮೊಳಗುತ್ತವೆ.

ಈ ಸೀಮೆಯ ಹಾಡುಗಳನ್ನು ವಿದ್ವಾಂಸರು ಬರೆದಿಟ್ಟಿದ್ದಾರೆ. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿಯ ಬಾಯಿಂದ ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದ ಹಾಡುಗಳು ಪ್ರಸಿದ್ಧವಾಗಿವೆ. ಆದರೆ ಉರುಮೆಯ ಒಂದು ಮುಖವನ್ನು ಬಡಿಯುತ್ತಲೇ ಇನ್ನೊಂದು ಮುಖದ ಮೇಲೆ ಬಾಗಿದ ಕೋಲನ್ನು ಉಜ್ಜಿ ಗುಂಯ್ಗುಡುವ ನಾದವನ್ನು ಹೊರಡಿಸುವಾಗ ವಾದಕನ ಮಣಿಕಟ್ಟು ತಿರುಗುವ ಬಗೆ ಯಾವುದು? ತಮಟೆಯನ್ನು ತೋಳಿನಲ್ಲಿ ಅವಚಿಕೊಳ್ಳುವ ರೀತಿ ಯಾವುದು? ಇವು ಅಕ್ಷರಕ್ಕೆ ಸುಲಭವಾಗಿ ಸಿಕ್ಕುವ ಸಂಗತಿಗಳಲ್ಲ. ಹಿರಿಯ ವಾದಕನೊಬ್ಬನು ತೀರಿಕೊಂಡಾಗ ಅವನೊಡನೆ ಈ ತಿಳಿವಳಿಕೆಯೂ ಮರೆಯಾಗಬಹುದು. ಆದುದರಿಂದ ಇಲ್ಲಿ ಒಳ್ಳೆಯ ಛಾಯಾಚಿತ್ರವೆಂಬುದು ಕೇವಲ ವಿನೋದದ ವಸ್ತುವಲ್ಲ, ಅದೊಂದು ದಾಖಲೆ.

ಬೆಳಕಿನ ಲೆಕ್ಕ

ಮೊದಲು ಬೆಳಕನ್ನು ಅಳೆಯೋಣ. ನಡುಹಗಲಿನ ಬಿಸಿಲಿನ ಪ್ರಕಾಶ ಸುಮಾರು ೧,೦೦,೦೦೦ ಲಕ್ಸ್. ರಾತ್ರಿ ದೀಪಗಳ ಕೆಳಗೆ ಮೇಳ ನಿಂತಿರುವಲ್ಲಿ ೨೦೦ ಲಕ್ಸ್ ಇದೆಯೆಂದು ಇಟ್ಟುಕೊಳ್ಳೋಣ. ಅಂದರೆ ಬೆಳಕು ೫೦೦ ಪಟ್ಟು ಕಡಮೆಯಾಯಿತು. ನಮ್ಮ ಕಣ್ಣು ತನ್ನಷ್ಟಕ್ಕೆ ಹೊಂದಿಕೊಳ್ಳುವುದರಿಂದ ಈ ಅಂತರ ನಮಗೆ ತೋರುವುದಿಲ್ಲ, ಕ್ಯಾಮರಕ್ಕೆ ತೋರುತ್ತದೆ.

ಛಾಯಾಗ್ರಾಹಕರ ಹಳೆಯ ಸೂತ್ರವೊಂದುಂಟು. ಒಳ್ಳೆಯ ಬಿಸಿಲಿನಲ್ಲಿ ಐ.ಎಸ್.ಒ. ೧೦೦ರ ವೇಗ, ಎಫ್ ೧೬ರ ಕಿಂಡಿ, ೧/೧೦೦ ಸೆಕೆಂಡಿನ ಅವಧಿ ಇಟ್ಟರೆ ಚಿತ್ರ ಸರಿಯಾಗಿ ಮೂಡುತ್ತದೆ. ಈಗ ಕಳೆದುಹೋದ ೫೦೦ ಪಟ್ಟು ಬೆಳಕನ್ನು ಎಲ್ಲಿಂದ ತರಬೇಕು? ಮಸೂರದ ಕಿಂಡಿಯನ್ನು ಎಫ್ ೨.೮ಕ್ಕೆ ಅಗಲಿಸಿದರೆ ಅದರ ವಿಸ್ತೀರ್ಣ ಸುಮಾರು ೩೨ ಪಟ್ಟು ಹೆಚ್ಚುತ್ತದೆ. ಐ.ಎಸ್.ಒ.ವನ್ನು ೧೦೦ರಿಂದ ೧೬೦೦ಕ್ಕೆ ಏರಿಸಿದರೆ ಇನ್ನೂ ೧೬ ಪಟ್ಟು ಸಿಕ್ಕಿತು. ೩೨ನ್ನು ೧೬ರಿಂದ ಗುಣಿಸಿದರೆ ೫೧೨. ಅಲ್ಲಿಗೆ ನಷ್ಟ ತುಂಬಿತು. ಅವಧಿ ೧/೧೦೦ ಸೆಕೆಂಡಿನಲ್ಲೇ ಉಳಿಯಿತು.

ಆದರೆ ಈ ಎರಡಕ್ಕೂ ಬೆಲೆ ತೆರಬೇಕಾಗುತ್ತದೆ. ಕಿಂಡಿ ಅಗಲವಾದಾಗ ಒಬ್ಬ ವಾದಕನ ಮುಖ ಸ್ಫುಟವಾಗಿದ್ದರೆ ಅವನ ಹಿಂದಿನವನದು ಮಸುಕಾಗುತ್ತದೆ. ಐ.ಎಸ್.ಒ. ಏರಿಸುವುದರಿಂದ ಬೆಳಕೇನೂ ಹೆಚ್ಚುವುದಿಲ್ಲ. ಬಂದಷ್ಟನ್ನೇ ಕ್ಯಾಮರ ವರ್ಧಿಸಿ ತೋರಿಸುತ್ತದೆ. ಬೆಳಕು ಫೋಟಾನುಗಳೆಂಬ ಕಣಗಳಾಗಿ ಬರುತ್ತದೆಯಷ್ಟೆ? ಚಿತ್ರದ ಒಂದು ಬಿಂದುವಿಗೆ ಸರಾಸರಿ ೧೦,೦೦೦ ಫೋಟಾನುಗಳು ಬಂದರೆ ಏರುಪೇರು ೧೦೦, ಎಂದರೆ ಶೇಕಡ ೧. ಬರಿಯ ೧೦೦ ಬಂದರೆ ಏರುಪೇರು ೧೦, ಎಂದರೆ ಶೇಕಡ ೧೦. ಕತ್ತಲಿನ ಚಿತ್ರಗಳಲ್ಲಿ ಮರಳು ಚೆಲ್ಲಿದಂತೆ ಕಾಣುವ ಚುಕ್ಕೆಗಳಿಗೆ ಮುಖ್ಯ ಕಾರಣ ಇದೇ.

ನಿಲ್ಲುವ ಕ್ಷಣ

೧/೧೦೦ ಸೆಕೆಂಡು ಸಾಕೆ? ತಮಟೆಯ ಕಡ್ಡಿ ಸೆಕೆಂಡಿಗೆ ೪ ಸಲ, ನಡುಬಿಂದುವಿನಿಂದ ೨೦ ಸೆಂಟಿಮೀಟರು ಅತ್ತ, ೨೦ ಸೆಂಟಿಮೀಟರು ಇತ್ತ, ಲೋಲಕದಂತೆ ತೂಗುತ್ತಿದೆಯೆಂದು ಭಾವಿಸೋಣ. ನಡುವೆ ಅದರ ವೇಗ ಸೆಕೆಂಡಿಗೆ ಸುಮಾರು ೫ ಮೀಟರು. ೧/೧೦೦ ಸೆಕೆಂಡಿನಲ್ಲಿ ಅದು ೫ ಸೆಂಟಿಮೀಟರು ಸರಿದುಬಿಡುತ್ತದೆ; ಚಿತ್ರದಲ್ಲಿ ಕಡ್ಡಿಯ ಬದಲು ಒಂದು ಮಬ್ಬು ಬೀಸಣಿಗೆ ಮೂಡುತ್ತದೆ.

ಅವಧಿಯನ್ನು ೧/೧೦೦೦ಕ್ಕೆ ಇಳಿಸೋಣವೆಂದರೆ ಬೆಳಕು ಮತ್ತೆ ಹತ್ತನೆಯ ಒಂದು ಪಾಲಾಗುತ್ತದೆ. ಇನ್ನೊಂದು ತೊಡಕೂ ಇದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತನೆಗಳದು. ಅದರಿಂದ ಉರಿಯುವ ಹಲವು ದೀಪಗಳು ಸೆಕೆಂಡಿಗೆ ೧೦೦ ಬಾರಿ ಮಿನುಗುತ್ತವೆ. ಅವಧಿ ತೀರ ಕಿರಿದಾದರೆ ಒಂದು ಚಿತ್ರ ಬೆಳ್ಳಗೆ, ಇನ್ನೊಂದು ಕಪ್ಪಗೆ ಬರುತ್ತದೆ, ಇಲ್ಲವೆ ಚಿತ್ರದ ಮೇಲೆ ಅಡ್ಡಪಟ್ಟೆಗಳು ಬೀಳುತ್ತವೆ. ೧/೧೦೦ ಅಥವಾ ೧/೫೦ ಇಟ್ಟರೆ ಈ ಮಿನುಗು ಸರಾಸರಿಯಲ್ಲಿ ಕರಗಿಹೋಗುತ್ತದೆ.

ಹಾಗಾದರೆ ಉಪಾಯವೇನು? ಮೇಲಕ್ಕೆ ಎಸೆದ ಚೆಂಡು ತುದಿಯಲ್ಲಿ ಒಂದು ಗಳಿಗೆ ನಿಂತು ಇಳಿಯುವಂತೆ, ಮೇಲೆತ್ತಿದ ಕಡ್ಡಿಯೂ ತಿರುಗುವ ಮುನ್ನ ನಿಲ್ಲುತ್ತದೆ. ನಮ್ಮ ಲೆಕ್ಕದ ಕಡ್ಡಿಯೇ ಆ ತುದಿಯಲ್ಲಿ ೧/೧೦೦ ಸೆಕೆಂಡಿನಲ್ಲಿ ಸರಿಯುವುದು ೨ ಮಿಲಿಮೀಟರಿಗಿಂತಲೂ ಕಡಮೆ! ಅದೇ ಕ್ಯಾಮರ, ಅದೇ ದೀಪ, ಅದೇ ಅವಧಿ. ಗುಂಡಿ ಒತ್ತಿದ ಕ್ಷಣ ಮಾತ್ರ ಬೇರೆ.

ಆ ಕ್ಷಣವನ್ನು ಕಣ್ಣಿನಿಂದ ಹಿಡಿಯಲಾಗದು. ಕಂಡದ್ದಕ್ಕೆ ಬೆರಳು ಓಗೊಡಲು ಸುಮಾರು ೧/೫ ಸೆಕೆಂಡು ಬೇಕು. ನಮ್ಮ ಕಡ್ಡಿ ಒಂದು ಸುತ್ತು ಮುಗಿಸುವುದೇ ೧/೪ ಸೆಕೆಂಡಿನಲ್ಲಿ. ಕಂಡು ಒತ್ತುವವನು ಯಾವಾಗಲೂ ತಡವಾಗಿಯೇ ಒತ್ತುತ್ತಾನೆ. ಆದರೆ ಮೇಳಕ್ಕೆ ಲಯವಿದೆ. ಲಯವಿರುವಲ್ಲಿ ಮುಂದಿನ ಪೆಟ್ಟನ್ನು ಮೊದಲೇ ಅರಿಯಬಹುದು. ಚಪ್ಪಾಳೆ ತಟ್ಟಿ ತಾಳ ಹಾಕುವವನು ಪೆಟ್ಟಿಗಾಗಿ ಕಾಯುವುದಿಲ್ಲವಲ್ಲವೆ? ಹಾಗೆಯೇ ಛಾಯಾಗ್ರಾಹಕನೂ ಕೆಲಕಾಲ ಸುಮ್ಮನೆ ನಿಂತು ಕೇಳಬೇಕು. ತಾಳ ಮೈಗೆ ಹತ್ತಿದ ಮೇಲೆ ಕ್ಯಾಮರ ಎತ್ತಬೇಕು. ದೂರ ನಿಂತವನು ಇನ್ನೊಂದು ಎಚ್ಚರ ವಹಿಸಬೇಕು. ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರು. ೩೪ ಮೀಟರು ದೂರದಲ್ಲಿ ನಿಂತವನಿಗೆ ಪೆಟ್ಟು ೧/೧೦ ಸೆಕೆಂಡು ತಡವಾಗಿ ಕೇಳುತ್ತದೆ. ಅಷ್ಟರಲ್ಲಿ ಕಡ್ಡಿ ಮೇಲಿನ ತುದಿಯ ಸಮೀಪಕ್ಕೆ ಬಂದಿರುತ್ತದೆ!

ಮಸುಕೂ ಒಂದು ಮಾತು

ಎಲ್ಲವೂ ಸ್ಫುಟವಾಗಿರಲೇಬೇಕೆ? ಇದಕ್ಕೆ ಉತ್ತರ ದೂರದ ದೇಶದಿಂದ ಬಂದಿದೆ. ೧೯೭೦ರ ದಶಕದಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ನಗರಗಳ ಯುವಕರು ಪಂಕ್ ರಾಕ್ ಎಂಬ ರಭಸದ, ಅಬ್ಬರದ ಸಂಗೀತವನ್ನು ಹುಟ್ಟುಹಾಕಿದರು. ೧೯೭೯ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪಲೇಡಿಯಮ್ ರಂಗಮಂದಿರದಲ್ಲಿ ‘ದಿ ಕ್ಲ್ಯಾಷ್’ ಎಂಬ ಮೇಳದ ಪಾಲ್ ಸಿಮೊನನ್ ಸಿಟ್ಟಿನಿಂದ ತನ್ನ ಗಿಟಾರನ್ನು ನೆಲಕ್ಕೆ ಅಪ್ಪಳಿಸಿದನು. ಪೆನ್ನಿ ಸ್ಮಿತ್ ಎಂಬ ಛಾಯಾಗ್ರಾಹಕಿ ಅದನ್ನು ಸೆರೆಹಿಡಿದಳು. ಚಿತ್ರ ಸ್ಫುಟವಾಗಿಲ್ಲವೆಂದು ಅದನ್ನು ಬಳಸಲು ಆಕೆಗೇ ಮನಸ್ಸಿರಲಿಲ್ಲ. ಆದರೂ ಮೇಳದವರ ಒತ್ತಾಯದಿಂದ ಅದೇ ವರ್ಷ ಹೊರಬಂದ ‘ಲಂಡನ್ ಕಾಲಿಂಗ್’ ಧ್ವನಿಮುದ್ರಿಕೆಯ ಮುಖಚಿತ್ರವಾಗಿ, ರಾಕ್ ಸಂಗೀತದ ಅತ್ಯಂತ ಪ್ರಸಿದ್ಧ ಚಿತ್ರಗಳಲ್ಲಿ ಒಂದಾಯಿತು. ಮುಖ ನಿಶ್ಚಲವಾಗಿದ್ದು ಕೈ ಮಸುಕಾದರೆ ಆ ಮಸುಕು ದೋಷವಲ್ಲ, ವೇಗದ ಗುರುತು. ಮುಖ್ಯ ಸಂಗತಿ ಯಾವುದೆಂದು ತಿಳಿದು ಆರಿಸಿಕೊಳ್ಳುವುದೇ ವಿವೇಕ.

ಮಿಂಚುದೀಪ, ಧೂಳು, ಕಿವಿ

ಮಿಂಚುದೀಪ, ಎಂದರೆ ಫ್ಲ್ಯಾಷ್, ಬಳಸಿದರೆ ಈ ಕಷ್ಟಗಳೆಲ್ಲ ತಪ್ಪುವುವೆಂದು ಹಲವರ ಎಣಿಕೆ. ಆದರೆ ಅದರ ಪ್ರಕಾಶ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ೩ ಮೀಟರಿನಲ್ಲಿರುವವನಿಗೆ ಬಿದ್ದ ಬೆಳಕಿನ ಕಾಲುಭಾಗ ಮಾತ್ರ ೬ ಮೀಟರಿನಲ್ಲಿರುವವನಿಗೆ ಬೀಳುತ್ತದೆ. ಮಳೆ ಕಡಮೆಯಾದ ಈ ಸೀಮೆಯಲ್ಲಿ ಮೇಲೆದ್ದ ಧೂಳಿನ ಕಣಗಳು ಮಿಂಚನ್ನು ಹಿಂದಕ್ಕೆ ಚೆಲ್ಲಿ, ಚಿತ್ರದ ತುಂಬ ಬಿಳಿಯ ಬೊಟ್ಟುಗಳನ್ನು ಇಡುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಕತ್ತಲೆಗೆ ಹೊಂದಿಕೊಂಡ ಕಣ್ಣು ಪ್ರಖರ ಬೆಳಕಿಗೆ ಸಿಕ್ಕಿದರೆ ಮತ್ತೆ ಹೊಂದಿಕೊಳ್ಳಲು ಹಲವು ನಿಮಿಷ ಬೇಕು. ಕುಣಿಯುತ್ತಿರುವವನ ಕಣ್ಣು ಕುಕ್ಕಿಸುವುದು ಅವನಿಗೆ ಅಪಾಯ. ತಮಟೆಯ ಚರ್ಮದ ತೇವ ಆರಿಸಿ ಬಿಗಿಗೊಳಿಸಿ ಸ್ವರವೇರಿಸಲು ಹಾಕುವ ಬೆಂಕಿಯ ಬೆಳಕೇ ಎಷ್ಟೋ ಚೆಲುವು.

ಕಿವಿಯನ್ನೂ ಮರೆಯಬಾರದು. ೮೫ ಡೆಸಿಬೆಲ್ ಶಬ್ದವನ್ನು ದಿನಕ್ಕೆ ೮ ಗಂಟೆ ತಾಳಬಹುದೆಂದು ತಜ್ಞರ ಮಿತಿಯಿದೆ. ಪ್ರತಿ ೩ ಡೆಸಿಬೆಲ್ಲಿಗೆ ಆ ಕಾಲ ಅರ್ಧವಾಗುತ್ತದೆ. ೧೦೦ ಡೆಸಿಬೆಲ್ಲಿಗೆ ಉಳಿಯುವುದು ೧೫ ನಿಮಿಷ. ಧ್ವನಿವರ್ಧಕದ ಬಾಯಿಗೆ ಒತ್ತಿಕೊಂಡು ನಿಲ್ಲುವವರು ಕಿವಿಗೆ ಬೆಣೆ ಧರಿಸುವುದು ಲೇಸು. ಒಮ್ಮೆ ನಾಶವಾದ ಒಳಗಿವಿಯ ರೋಮಕೋಶಗಳು ಮತ್ತೆ ಬೆಳೆಯವು.

ಹೆಸರಿಲ್ಲದ ಚಿತ್ರ

ಸಸ್ಯವಿಜ್ಞಾನಿ ಕಾಡಿನಿಂದ ತಂದ ಗಿಡಕ್ಕೆ ಸ್ಥಳ, ದಿನಾಂಕ, ಸಂಗ್ರಹಿಸಿದವರ ಹೆಸರು ಬರೆದಿಡದಿದ್ದರೆ ಅದು ಬರಿಯ ಒಣ ಹುಲ್ಲು. ಛಾಯಾಚಿತ್ರವೂ ಹಾಗೆಯೇ. ಚಿತ್ರ ತೆಗೆಯುವ ಮೊದಲು ವಾದಕರ ಒಪ್ಪಿಗೆ ಕೇಳಬೇಕು. ದೇವರ ಸನ್ನಿಧಿಯಲ್ಲಿ ಬೇಡವೆಂದರೆ ಕ್ಯಾಮರವನ್ನು ಚೀಲಕ್ಕೆ ಸೇರಿಸಬೇಕು. ತೆಗೆದ ಮೇಲೆ ವಾದಕನ ಹೆಸರು, ಊರು, ವಾದ್ಯ, ದಿನ ಇಷ್ಟನ್ನು ಅವನು ಒಪ್ಪಿದಂತೆ ಬರೆದಿಟ್ಟು, ಒಂದು ಪ್ರತಿಯನ್ನು ಅವನ ಮನೆಗೆ ತಲಪಿಸಬೇಕು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ, ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ಅದರ ಕೊನೆಯಲ್ಲಿ ಬರೆದ ಲಿಪಿಕಾರನ ಹೆಸರೂ ಇದೆ: ಚಪಡ. ಚಕ್ರವರ್ತಿಯ ಮಾತಿನೊಡನೆ ಒಬ್ಬ ಕೆಲಸಗಾರನ ಹೆಸರೂ ೨,೨೦೦ ವರ್ಷಗಳಿಗೂ ಮಿಕ್ಕಿ ಉಳಿದು ಬಂದಿತು. ಅದೇ ಬೆಟ್ಟಗಳ ಸುತ್ತಿನ ಊರುಗಳಲ್ಲಿ ಇಂದು ಉರುಮೆ ನುಡಿಸುವವನ ಹೆಸರು ಅವನ ಚಿತ್ರದ ಹಿಂದೆ ಎರಡು ಸಾಲಿನಲ್ಲಾದರೂ ಇರಲಿ. ಅದನ್ನು ಬರೆಯುವುದಕ್ಕೆ ಬೆಲೆಬಾಳುವ ಮಸೂರವೇನೂ ಬೇಕಾಗಿಲ್ಲ.